ಹುಲ್ಲುಗಾವಲಿನಲ್ಲಿ ಮಾಂಸದ ಕೋಳಿ: ದಿನಕ್ಕೊಂದು ಹೊಸ ನೆಲ

ಹುಲ್ಲುಗಾವಲಿನಲ್ಲಿ ಮಾಂಸದ ಕೋಳಿ ಸಾಕುವುದೆಂದರೆ ಕೋಳಿಗಳನ್ನು ಬಯಲಿಗೆ ಬಿಟ್ಟು ಹುಲ್ಲಿನ ಮೇಲೆ ಬೆಳೆಸುವುದು ಎಂದು ಅನೇಕರು ತಿಳಿದಿದ್ದಾರೆ. ಈ ಲೆಕ್ಕದಲ್ಲಿ ಆಹಾರ ಕಡಿಮೆ ಮಾಡಿದವರ ಕೈಗೆ ಎರಡು ತಿಂಗಳ ಕೊನೆಯಲ್ಲಿ ಸಿಗುವುದು ಎದೆಯ ಮೂಳೆ ಎದ್ದು ಕಾಣುವ ಬಡಕಲು ಹಕ್ಕಿಗಳು. ಕೋಳಿ ದನವಲ್ಲ, ಹುಲ್ಲಿನ ನಾರನ್ನು ಕರಗಿಸಿಕೊಳ್ಳುವ ಹೊಟ್ಟೆ ಅದಕ್ಕಿಲ್ಲ. ಎಳೆಯ ಚಿಗುರು, ಹುಳುಹುಪ್ಪಟೆ, ಬೀಜ ಇವೆಲ್ಲ ಅದರ ಊಟದ ಒಂದು ಸಣ್ಣ ಪಾಲು ಮಾತ್ರ. ಮೈ ತುಂಬಿಕೊಳ್ಳುವುದು ಚೀಲದಿಂದ ಸುರಿಯುವ ಆಹಾರದಿಂದಲೇ. ಹಾಗಾದರೆ ಹುಲ್ಲುಗಾವಲು ಯಾಕೆ ಬೇಕು? ಕೋಳಿ ತನ್ನ ಹಿಕ್ಕೆಯ ಮೇಲೆಯೇ ಮಲಗದಿರಲಿ, ಗಾಳಿ ಬೆಳಕು ಸಿಗಲಿ, ಕೆದಕುವ ಸ್ವಭಾವಕ್ಕೆ ಕೆಲಸವಿರಲಿ, ಆ ಹಿಕ್ಕೆ ಒಂದೇ ಕಡೆ ರಾಶಿ ಬೀಳದೆ ನೆಲಕ್ಕೆಲ್ಲ ಗೊಬ್ಬರವಾಗಿ ಹರಡಲಿ ಎಂಬುದಕ್ಕಾಗಿ. ಈ ನಾಲ್ಕೂ ನಡೆಯಬೇಕಾದರೆ ಕೋಳಿಗಳನ್ನು ಇಟ್ಟ ತಳವಿಲ್ಲದ ಗೂಡು ಪ್ರತಿದಿನ ಹೊಸ ನೆಲಕ್ಕೆ ಸರಿಯಬೇಕು. ಗೂಡು ಒಂದೇ ಕಡೆ ನಿಂತಿತೆಂದರೆ ಅದು ಛಾವಣಿ ಸರಿಯಿಲ್ಲದ ಕೋಳಿಫಾರಂ ಅಷ್ಟೇ.

ಮರಿ ತರುವ ಮೊದಲೇ ತಳಿಯನ್ನು ತೀರ್ಮಾನಿಸಬೇಕು. ಕಾರ್ನಿಷ್ ಮತ್ತು ಬಿಳಿ ಪ್ಲಿಮತ್ ರಾಕ್ ತಳಿಗಳ ಮೂಲದಿಂದ ಬಂದ ಬಿಳಿ ಬ್ರಾಯ್ಲರ್ ಆರರಿಂದ ಎಂಟು ವಾರಗಳಲ್ಲಿ ಕೊಯ್ಯುವ ತೂಕಕ್ಕೆ ಬರುತ್ತದೆ. ನಿಧಾನವಾಗಿ ಬೆಳೆಯುವ ಕೆಂಪು, ಕಂದು ಬಣ್ಣದ ಮಾಂಸದ ತಳಿಗಳಿಗೆ ಹತ್ತರಿಂದ ಹನ್ನೆರಡು ವಾರ ಬೇಕು; ಅವು ಚೆನ್ನಾಗಿ ಓಡಾಡುತ್ತವೆ, ಬಿಸಿಲನ್ನು ಸ್ವಲ್ಪ ಹೆಚ್ಚು ತಾಳುತ್ತವೆ, ಮಾಂಸ ಗಟ್ಟಿಯಾಗಿ ರುಚಿಯಾಗಿರುತ್ತದೆ, ಆದರೆ ಎದೆಯ ಮಾಂಸ ಕಡಿಮೆ ಮತ್ತು ಆಹಾರದ ಖರ್ಚು ಹೆಚ್ಚು. ಫ್ರಾನ್ಸಿನ ಲೇಬಲ್ ರೂಜ್ ಎಂಬ ಗುಣಮಟ್ಟದ ಗುರುತು ಬೇಕೆಂದರೆ ಕೋಳಿಗೆ ಕನಿಷ್ಠ 81 ದಿನ ತುಂಬಿರಬೇಕು ಎಂಬ ನಿಯಮವಿರುವುದು ಇಂಥ ನಿಧಾನದ ತಳಿಗಳನ್ನು ಗಮನದಲ್ಲಿಟ್ಟುಕೊಂಡೇ. ಮೊದಲ ಬಾರಿ ಸಾಕುವವರು ಬಿಳಿ ಬ್ರಾಯ್ಲರಿನಿಂದ ಆರಂಭಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅದು ಉತ್ತಮ ಹಕ್ಕಿಯೆಂದಲ್ಲ, ತಪ್ಪು ಮಾಡಿದರೂ ಎಂಟು ವಾರಕ್ಕೆ ಮುಗಿಯುತ್ತದೆ, ಮುಂದಿನ ಬ್ಯಾಚಿಗೆ ಪಾಠ ಬೇಗ ಸಿಗುತ್ತದೆ.

ಮೊದಲ ಮೂರು ವಾರ

ಹುಲ್ಲುಗಾವಲಿನ ಕೋಳಿಯ ಭವಿಷ್ಯ ಬಹುಮಟ್ಟಿಗೆ ತೀರ್ಮಾನವಾಗುವುದು ಅದು ಹುಲ್ಲನ್ನು ನೋಡುವ ಮೊದಲೇ, ಎಳೆಯ ಮರಿಗಳನ್ನು ಬೆಚ್ಚಗಿಟ್ಟು ಸಾಕುವ ಬ್ರೂಡರಿನಲ್ಲಿ. ಮೊಟ್ಟೆಯಿಂದ ಹೊರಬಂದ ಮರಿಯ ಹೊಟ್ಟೆಯೊಳಗೆ ಉಳಿದಿರುವ ಹಳದಿಭಾಗ ಎರಡು ದಿನದ ಮಟ್ಟಿಗೆ ಅದನ್ನು ಸಾಕುತ್ತದೆ, ದೂರದಿಂದ ಮರಿ ತರಿಸಲು ಸಾಧ್ಯವಾಗುವುದು ಇದರಿಂದಲೇ. ಆದರೆ ಆ ಬುತ್ತಿಯನ್ನು ನಂಬಿಕೊಂಡು ನೀರು, ಆಹಾರ ತಡ ಮಾಡಿದರೆ ಹಿಂದೆ ಬಿದ್ದ ಮರಿ ಮತ್ತೆ ಮುಂದಿನವನ್ನು ಹಿಡಿಯುವುದಿಲ್ಲ. ಆದ್ದರಿಂದ ಮರಿ ಬರುವ ಹಿಂದಿನ ದಿನವೇ ಬ್ರೂಡರನ್ನು ಕಾಯಿಸಿಡಬೇಕು. ಗಾಳಿ ಮಾತ್ರ ಬೆಚ್ಚಗಾದರೆ ಸಾಲದು, ನೆಲಕ್ಕೆ ಹರಡಿದ ಹಾಸೂ ಬೆಚ್ಚಗಿರಬೇಕು: ಅಂಗೈಯನ್ನು ಹಾಸಿನೊಳಗೆ ಒತ್ತಿ ಹಿಡಿದಾಗ ತಣ್ಣಗೆ ತಾಗಿದರೆ ಇನ್ನೂ ಹೊತ್ತು ಬೇಕೆಂದು ಅರ್ಥ. ಹಾಸಿಗೆ ಉಜ್ಜುಗೊರಡಿನಿಂದ ಬಿದ್ದ ಮರದ ಸುರುಳಿ ಒಳ್ಳೆಯದು. ಮೂರು ನಾಲ್ಕು ಅಂಗುಲ ದಪ್ಪವಾಗಿ ಹರಡಬೇಕು. ನುಣ್ಣನೆಯ ಗರಗಸದ ಪುಡಿಯನ್ನು ಮರಿಗಳು ಆಹಾರವೆಂದು ತಿನ್ನುತ್ತವೆ, ಪತ್ರಿಕೆಯ ಕಾಗದದ ಮೇಲೆ ಕಾಲು ಜಾರಿ ಸೊಟ್ಟಗಾಗುತ್ತದೆ.

ಮರಿಯನ್ನು ಪೆಟ್ಟಿಗೆಯಿಂದ ಎತ್ತಿ ಹಾಗೆಯೇ ಬಿಡಬಾರದು. ಒಂದೊಂದನ್ನೂ ಹಿಡಿದು ಕೊಕ್ಕಿನ ತುದಿಯನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ, ಅದು ತಲೆಯೆತ್ತಿ ಗುಟುಕರಿಸುವುದನ್ನು ನೋಡಿ ಕೆಳಗೆ ಬಿಡಬೇಕು. ಅರವತ್ತು ಮರಿಗಳಿಗೆ ಇದು ಕಾಲು ಗಂಟೆಯ ಕೆಲಸ. ಸಂಜೆ ಹತ್ತಾರು ಮರಿಗಳ ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳ ತುದಿಯಿಂದ ಮುಟ್ಟಿ ನೋಡಬೇಕು. ನೆನೆದ ಹಿಟ್ಟಿನ ಉಂಡೆಯಂತೆ ಮೆತ್ತಗೆ, ತುಂಬಿಕೊಂಡು ಇದ್ದರೆ ಮರಿ ತಿಂದಿದೆ, ಕುಡಿದಿದೆ. ಗಟ್ಟಿಯಾಗಿದ್ದರೆ ನೀರು ಸಿಕ್ಕಿಲ್ಲ. ಖಾಲಿಯಿದ್ದರೆ ಎರಡೂ ಸಿಕ್ಕಿಲ್ಲ.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಥರ್ಮಾಮೀಟರ್ ಇಟ್ಟುಕೊಳ್ಳುವುದು ಸರಿಯೇ, ಆದರೆ ಅದಕ್ಕಿಂತ ಮೊದಲು ಮರಿಗಳು ಹೇಳುತ್ತವೆ. ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಚೀರುತ್ತಿದ್ದರೆ ಚಳಿ. ಅಂಚಿಗೆ ಸರಿದು ರೆಕ್ಕೆ ಬಿಚ್ಚಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆಯಲ್ಲಿದ್ದರೆ ಎದುರು ದಿಕ್ಕಿನಿಂದ ಗಾಳಿ ನುಗ್ಗುತ್ತಿದೆ. ಹಾಸಿನ ತುಂಬ ಚೆಲ್ಲಿದಂತೆ ಹರಡಿ ಮಲಗಿದ್ದರೆ ಶಾಖ ಸರಿಯಾಗಿದೆ. ಒತ್ತಿಕೊಂಡ ಗುಂಪಿನಲ್ಲಿ ಕೆಳಗಿನವು ಉಸಿರುಕಟ್ಟಿ ಸಾಯುವುದರಿಂದ ಬ್ರೂಡರಿನ ಮೂಲೆಗಳನ್ನು ರಟ್ಟು ಬಾಗಿಸಿ ದುಂಡಗೆ ಮಾಡಿಕೊಳ್ಳಬೇಕು. ಶಾಖದ ದೀಪವನ್ನು ಅದರ ತಂತಿಯಿಂದಲೇ ತೂಗುಹಾಕದೆ ಸರಪಳಿಯಿಂದ, ಜೊತೆಗೆ ಇನ್ನೊಂದು ಕಟ್ಟಿನಿಂದ ಭದ್ರಪಡಿಸಬೇಕು. ಒಣ ಹಾಸಿನ ಮೇಲೆ ಬಿದ್ದ ದೀಪ ಕೊಟ್ಟಿಗೆಯನ್ನೇ ಸುಡಬಲ್ಲದು.

ಆರಂಭದಲ್ಲಿ ಮರಿಗೆ ಅರ್ಧ ಚದರ ಅಡಿ ಜಾಗ ಸಾಕು, ಮೂರನೆಯ ವಾರಕ್ಕೆ ಅದು ಒಂದು ಚದರ ಅಡಿಯಾಗಬೇಕು. ಹಾಸು ಒದ್ದೆಯಾದಲ್ಲಿ ದಿನವೂ ತೆಗೆದು ಹೊಸದನ್ನು ಹಾಕಬೇಕು. ಬಗ್ಗಿದಾಗ ಮೂಗಿಗೆ ಅಮೋನಿಯಾದ ಘಾಟು ಬಡಿದರೆ, ಅದೇ ಮಟ್ಟದಲ್ಲಿ ಹಗಲುರಾತ್ರಿ ಉಸಿರಾಡುವ ಮರಿಗೆ ಅದು ಆಗಲೇ ಮಿತಿಮೀರಿದೆ. ಎರಡನೆಯ ವಾರದಿಂದ ಒಂದು ಹಿಡಿ ಹುಲ್ಲನ್ನು ಬೇರು, ಮಣ್ಣಿನ ಸಮೇತ ಕಿತ್ತು ಒಳಗಿಡುವುದು ನಮ್ಮ ರೂಢಿ. ಮೊದಲು ಹೆದರಿ ಹಿಂದೆ ಸರಿದು, ಆಮೇಲೆ ಒಂದು ಮರಿ ಧೈರ್ಯ ಮಾಡಿ ಎಳೆದು, ಮಿಕ್ಕವು ಅದರ ಬಾಯಿಂದ ಕಿತ್ತುಕೊಳ್ಳಲು ಓಡುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಹೀಗೆ ಹಸಿರು ತಿನ್ನಲು ಶುರುಮಾಡಿದ ಮೇಲೆ ಸಣ್ಣ ಗಟ್ಟಿ ಹರಳುಕಲ್ಲಿನ ನುಚ್ಚನ್ನು ಬೇರೆ ತಟ್ಟೆಯಲ್ಲಿ ಇಡಬೇಕು, ಏಕೆಂದರೆ ಹಲ್ಲಿಲ್ಲದ ಹಕ್ಕಿ ನಾರನ್ನು ಅರೆಯುವುದು ಹೊಟ್ಟೆಯೊಳಗಿನ ಕಲ್ಲಿನಿಂದ.

ಗೂಡು ಕಟ್ಟುವುದು

ಸಣ್ಣ ಫಾರಂಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 10 ಅಡಿ ಅಗಲ, 12 ಅಡಿ ಉದ್ದ, 2 ಅಡಿ ಎತ್ತರದ, ತಳವಿಲ್ಲದ ಗೂಡು. ಅದರಲ್ಲಿ 75 ಬ್ರಾಯ್ಲರ್ ಸಾಕುವವರಿದ್ದಾರೆ. ನಾನು 60ಕ್ಕೆ ನಿಲ್ಲಿಸುತ್ತೇನೆ, ಹಕ್ಕಿಗೆ ಎರಡು ಚದರ ಅಡಿ ಸಿಗಲಿ ಎಂದು. ಎತ್ತರ ಕಡಿಮೆ ಇರುವುದರಿಂದ ಗಾಳಿಗೆ ಹಾರುವುದಿಲ್ಲ, ಆದರೆ ಒಳಗಿನ ಹಕ್ಕಿಯನ್ನು ಹಿಡಿಯಲು ಸೊಂಟ ಬಗ್ಗಿಸಲೇಬೇಕು. ಬೆನ್ನು ನೋವಿರುವವರು ಬಾಗಿಸಿದ ಪೈಪಿನ ಮೇಲೆ ಟಾರ್ಪಾಲು ಹೊದಿಸಿದ, ನಿಂತು ಓಡಾಡಬಹುದಾದ ಕಮಾನು ಗೂಡನ್ನು ಮಾಡಿಕೊಳ್ಳುವುದು ಒಳ್ಳೆಯದು. ಅದನ್ನು ಮಾತ್ರ ನೆಲಕ್ಕೆ ಗೂಟ ಹೊಡೆದು ಬಿಗಿಯಬೇಕು. ಯಾವ ಮಾದರಿಯಾದರೂ ಒಬ್ಬರೇ ಎಳೆಯುವಷ್ಟು ಹಗುರವಾಗಿರಬೇಕು. ಇಬ್ಬರು ಬೇಕಾಗುವ ಗೂಡು ಇಬ್ಬರೂ ಮನೆಯಲ್ಲಿರುವ ದಿನ ಮಾತ್ರ ಸರಿಯುತ್ತದೆ.

ಛಾವಣಿಯ ಅರ್ಧಕ್ಕಿಂತ ಹೆಚ್ಚು ಭಾಗ ಮಳೆ, ಬಿಸಿಲು ತಡೆಯುವಂತೆ ಮುಚ್ಚಿರಲಿ, ಮೇಲ್ಮೈ ಬಿಳಿಯದಾಗಿರಲಿ. ಬದಿಗೆ ಹಾಕುವ ಬಲೆಯ ವಿಷಯದಲ್ಲಿ ಉಳಿತಾಯ ಬೇಡ. ಆರು ಮೂಲೆಯ ಕಣ್ಣಿನ ತೆಳು ತಂತಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನರಿ, ನಾಯಿ, ಮುಂಗುಸಿಗಳನ್ನು ಹೊರಗಿಡುವುದಿಲ್ಲ. ಕೆಳಗಿನ ಒಂದೂವರೆ ಅಡಿಗಾದರೂ ಅರ್ಧ ಅಂಗುಲ ಕಣ್ಣಿನ ಬೆಸುಗೆಯ ಬಲೆ ಬೇಕು. ಆದರೂ ದಾಳಿಕೋರ ಪ್ರಾಣಿ ಹುಡುಕುವುದು ಬಲೆಯನ್ನಲ್ಲ, ಗೂಡಿನ ಅಂಚು ಮತ್ತು ನೆಲದ ನಡುವಿನ ಸಂದನ್ನು. ಒಂದು ಸಂಜೆ ಅವಸರದಲ್ಲಿ ಗೂಡನ್ನು ಸಣ್ಣ ತಗ್ಗಿನ ಮೇಲೆ ನಿಲ್ಲಿಸಿ, ಮೂಲೆಯಲ್ಲಿ ಮುಷ್ಟಿಯಷ್ಟು ಸಂದು ಉಳಿದದ್ದನ್ನು ಕಂಡೂ ಬೆಳಿಗ್ಗೆ ನೋಡೋಣವೆಂದು ಬಿಟ್ಟಿದ್ದೆ. ಬೆಳಿಗ್ಗೆ ಹನ್ನೊಂದು ಹಕ್ಕಿಗಳು ಸತ್ತು ಬಿದ್ದಿದ್ದವು, ಒಂದನ್ನೂ ತಿಂದಿರಲಿಲ್ಲ. ಅಂದಿನಿಂದ ಗೂಡಿನ ಸುತ್ತ ಒಂದು ಸುತ್ತು ನಡೆದು, ಸಂದಿದ್ದಲ್ಲಿ ಹಲಗೆಯ ತುಂಡು ಒತ್ತಿಟ್ಟು ಬರುವುದು ರಾತ್ರಿಯ ಊಟಕ್ಕಿಂತ ಮೊದಲಿನ ಕೆಲಸವಾಗಿದೆ. ಕಾಟ ಹೆಚ್ಚಿರುವ ಕಡೆ ಹೊರಗೆ ವಿದ್ಯುತ್ ಬಲೆಯ ಬೇಲಿಯನ್ನೂ ಎಳೆಯಬೇಕಾಗುತ್ತದೆ, ಹುಲ್ಲು ತಂತಿಗೆ ತಾಗಿ ಅದರ ಕಸುವು ಸೋರದಂತೆ ಬುಡವನ್ನು ಸವರುತ್ತಿರಬೇಕು.

ಎಷ್ಟು ನೆಲ ಬೇಕೆಂಬ ಲೆಕ್ಕ ಸುಲಭ. ಮೂರು ವಾರ ಬ್ರೂಡರಿನಲ್ಲಿ ಕಳೆದ ಹಕ್ಕಿ ಎಂಟನೆಯ ವಾರದವರೆಗೆ 35 ದಿನ ಹೊರಗಿರುತ್ತದೆ. ಗೂಡಿನ ವಿಸ್ತೀರ್ಣ 120 ಚದರ ಅಡಿ. ದಿನಕ್ಕೊಮ್ಮೆ ಸರಿದರೆ 4,200 ಚದರ ಅಡಿ, ಅಂದರೆ ಎಕರೆಯ ಹತ್ತನೆಯ ಒಂದು ಭಾಗ. ಕೊನೆಯ ಎರಡು ವಾರ ಹಿಕ್ಕೆ ಬಹಳವಾಗುವುದರಿಂದ ದಿನಕ್ಕೆ ಎರಡು ಸಲ ಸರಿಸಬೇಕು; ಆಗ ಒಟ್ಟು 5,880 ಚದರ ಅಡಿ. ಒಮ್ಮೆ ಗೂಡು ಹೋದ ನೆಲಕ್ಕೆ ಅದೇ ವರ್ಷ ಮತ್ತೆ ಕೋಳಿಯನ್ನು ತರಬಾರದು, ಏಕೆಂದರೆ ಹೆಚ್ಚಾದ ಸಾರಜನಕ ಹುಲ್ಲನ್ನು ಸುಡುತ್ತದೆ, ಉಳಿದದ್ದು ಮಳೆನೀರಿನೊಂದಿಗೆ ಹಳ್ಳ, ಬಾವಿಗಳಿಗೆ ಇಳಿಯುತ್ತದೆ.

ಸರಿಸುವ ಕೆಲಸ

ಮರಿಗಳ ಮೈಮೇಲೆ ಗರಿ ಮೂಡಿ, ರಾತ್ರಿಯ ಹವೆ ತೀರ ತಣ್ಣಗಿಲ್ಲದಿದ್ದರೆ ಮೂರನೆಯ ವಾರದ ಕೊನೆಗೆ ಹೊರಗೆ ಬಿಡಬಹುದು. ಚಳಿ ಇದ್ದರೆ ನಾಲ್ಕನೆಯ ವಾರಕ್ಕೆ ಕಾಯಬೇಕು. ಹೊರಡಿಸುವ ಮೂರು ನಾಲ್ಕು ದಿನ ಮೊದಲೇ ಶಾಖವನ್ನು ನಿಲ್ಲಿಸಿ ಅಭ್ಯಾಸ ಮಾಡಿಸಬೇಕು. ಬೆಳಿಗ್ಗೆಯೇ ಬಿಟ್ಟರೆ ಕತ್ತಲಾಗುವುದರೊಳಗೆ ಅವು ನೀರಿನ ಪಾತ್ರೆ, ನೆರಳು ಎಲ್ಲಿದೆಯೆಂದು ಕಲಿತಿರುತ್ತವೆ. ಹುಲ್ಲು ನಾಲ್ಕು ಅಂಗುಲದ ಆಸುಪಾಸಿನಲ್ಲಿರಬೇಕು. ಮೊಣಕಾಲೆತ್ತರದ ಹುಲ್ಲನ್ನು ಕೋಳಿ ತಿನ್ನುವುದಿಲ್ಲ, ತುಳಿದು ಮಲಗಿಸುತ್ತದೆ, ಅದರ ಇಬ್ಬನಿಯಲ್ಲಿ ಹೊಟ್ಟೆಯ ಗರಿ ತೊಯ್ಯುತ್ತದೆ. ಮೊದಲು ದನ ಅಥವಾ ಕುರಿ ಮೇಯಿಸಿ ಆಮೇಲೆ ಕೋಳಿಗೂಡು ತಂದರೆ ಎತ್ತರ ತಾನಾಗಿಯೇ ಸರಿಹೋಗುತ್ತದೆ.

ಬೆಳಗಿನ ಆಹಾರ ಹಾಕುವ ಮೊದಲು ಗೂಡನ್ನು ಸರಿಸಬೇಕು, ಹೊಟ್ಟೆ ತುಂಬಿದ ಕೋಳಿ ನಡೆಯುವುದಿಲ್ಲ. ಆಹಾರದ ತೊಟ್ಟಿಗಳನ್ನು ಹೊರತೆಗೆದು, ಹಿಂದಿನ ಅಂಚಿನ ಕೆಳಗೆ ಎರಡು ಗಾಲಿಗಳನ್ನು ಸೇರಿಸಿ, ಮುಂದೆ ಬಂದು ಹಗ್ಗವನ್ನು ನಿಧಾನವಾಗಿ, ಒಂದೊಂದು ಹೆಜ್ಜೆಯಂತೆ ಎಳೆಯಬೇಕು. ಮೊದಲೆರಡು ದಿನ ಕೋಳಿಗಳು ಹಿಂದಿನ ಅಂಚಿಗೆ ಗಾಬರಿಯಿಂದ ಒತ್ತಿಕೊಳ್ಳುತ್ತವೆ. ಆಗ ಹಿಂದೆ ಇನ್ನೊಬ್ಬರಿದ್ದು ಕಾಲು ಸಿಕ್ಕಿಕೊಳ್ಳದಂತೆ ನೋಡಬೇಕು. ಮೂರನೆಯ ದಿನಕ್ಕೆ ಅವಕ್ಕೆ ಹೊಸ ಹುಲ್ಲಿನ ರುಚಿ ಹತ್ತಿ, ಹಗ್ಗ ಹಿಡಿದೊಡನೆ ಮುಂದಿನ ಅಂಚಿಗೆ ಬಂದು ನಿಲ್ಲುತ್ತವೆ. ಆ ಹೊತ್ತು ದಿನದ ತಪಾಸಣೆಗೂ ಯೋಗ್ಯ. ಅರವತ್ತೂ ನಡೆಯುವಾಗ ಒಂದು ಕುಂಟಿದರೆ, ಒಂದು ಕೂತೇ ಉಳಿದರೆ, ಒಂದರ ಬಾಲದ ಕೆಳಗೆ ಹಿಕ್ಕೆ ಮೆತ್ತಿಕೊಂಡಿದ್ದರೆ, ಅದು ಕಾಣುವುದು ಈ ಅರ್ಧ ನಿಮಿಷದಲ್ಲಿಯೇ.

ದಿನ ತಪ್ಪಿಸದೆ ಸರಿಸಬೇಕೆನ್ನಲು ಹಿಕ್ಕೆಯ ನಾತವೊಂದೇ ಕಾರಣವಲ್ಲ. ಕೋಳಿಮರಿಗಳನ್ನು ಹೆಚ್ಚಾಗಿ ಕಾಡುವ ಕಾಕ್ಸಿಡಿಯೋಸಿಸ್ ರೋಗದ ಸೂಕ್ಷ್ಮಜೀವಿಯ ತತ್ತಿಗಳು ಹಿಕ್ಕೆಯಲ್ಲಿ ಹೊರಬೀಳುವಾಗ ಇನ್ನೂ ರೋಗ ತರುವ ಸ್ಥಿತಿಯಲ್ಲಿರುವುದಿಲ್ಲ. ತೇವ ಮತ್ತು ಬಿಸಿ ಇದ್ದರೆ ಒಂದೆರಡು ದಿನದಲ್ಲಿ ಅವು ಬಲಿತು ರೋಗ ಹರಡಲು ಸಿದ್ಧವಾಗುತ್ತವೆ. ಅವು ಬಲಿಯುವ ಹೊತ್ತಿಗೆ ಕೋಳಿ ಆ ನೆಲದಿಂದ ಹೋಗಿರಬೇಕು ಎಂಬುದೇ ಇಲ್ಲಿಯ ಉಪಾಯ. ಬ್ರೂಡರಿನಲ್ಲಿ ಈ ಅನುಕೂಲವಿಲ್ಲದ ಕಾರಣ ರೋಗ ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ. ಗರಿ ಕೆದರಿ ತೂಕಡಿಸುವ ಮರಿ, ಹಿಕ್ಕೆಯಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯದೆ ಪಶುವೈದ್ಯರನ್ನು ಕೇಳಿ ಔಷಧಿ ಕೊಡಬೇಕು, ಔಷಧಿ ನಿಲ್ಲಿಸಿದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂಬುದನ್ನೂ ಅವರಿಂದಲೇ ತಿಳಿದುಕೊಳ್ಳಬೇಕು. ಹಲವು ಹಕ್ಕಿಗಳು ಒಟ್ಟಿಗೆ ಸತ್ತರೆ ಹಕ್ಕಿಜ್ವರದ ಸಾಧ್ಯತೆಯೂ ಇರುವುದರಿಂದ ಅವನ್ನು ಬರಿಗೈಯಲ್ಲಿ ಮುಟ್ಟದೆ, ಎಲ್ಲಿಗೂ ಸಾಗಿಸದೆ, ಕೂಡಲೇ ವೈದ್ಯರಿಗೆ ತಿಳಿಸಬೇಕು.

ಆಹಾರ, ನೀರು, ಬಿಸಿಲು

ಮೊದಲ ಮೂರು ವಾರ ಶೇಕಡಾ 20ರಿಂದ 23ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ ಆಹಾರ, ಆಮೇಲೆ 18ರಿಂದ 20ರಷ್ಟು ಇರುವ ಆಹಾರ ಸಾಕು. ಹುಲ್ಲುಗಾವಲಿನಲ್ಲಿ ಹಕ್ಕಿ ಓಡಾಡುತ್ತದೆ, ರಾತ್ರಿ ಮೈ ಬೆಚ್ಚಗಿಟ್ಟುಕೊಳ್ಳಲೂ ಶಕ್ತಿ ವ್ಯಯಿಸುತ್ತದೆ. ಹೀಗಾಗಿ ಒಂದು ಕಿಲೋ ಜೀವತೂಕಕ್ಕೆ ಎರಡೂವರೆಯಿಂದ ಮೂರು ಕಿಲೋ ಆಹಾರ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬೇಕು. ಎರಡೂವರೆ ಕಿಲೋ ತೂಗುವ ಅರವತ್ತು ಹಕ್ಕಿಗೆ ಸುಮಾರು 375ರಿಂದ 450 ಕಿಲೋ ಆಯಿತು. ಇದರಲ್ಲಿ ಚೆಲ್ಲಿ ಹಾಳಾಗುವುದು ಎಷ್ಟೆಂದು ಅರಿವಾಗುವುದು ತೊಟ್ಟಿಯ ಅಂಚನ್ನು ಹಕ್ಕಿಯ ಬೆನ್ನಿನ ಎತ್ತರಕ್ಕೆ ಏರಿಸಿದ ಮೇಲೆಯೇ.

ಬಿಳಿ ಬ್ರಾಯ್ಲರಿಗೆ ಆಹಾರ ಸದಾ ಮುಂದಿದ್ದರೆ ಅದು ತನ್ನ ಕಾಲು, ಹೃದಯಗಳ ಶಕ್ತಿ ಮೀರಿ ಬೆಳೆಯುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ ನೀಲಿಗಟ್ಟಿದ ಜುಟ್ಟಿನೊಂದಿಗೆ ಸಾಯುವ ಹಕ್ಕಿ, ಎದ್ದು ನಿಲ್ಲಲಾರದೆ ರೆಕ್ಕೆಯೂರಿ ತೆವಳುವ ಹಕ್ಕಿ, ನಿನ್ನೆ ಎಲ್ಲಕ್ಕಿಂತ ದಪ್ಪಗಿದ್ದು ಇಂದು ಅಂಗಾತ ಸತ್ತು ಬಿದ್ದ ಹಕ್ಕಿ, ಇವೆಲ್ಲ ಆ ಓಟದ ಫಲ. ಎರಡನೆಯ ವಾರದಿಂದ ಸಂಜೆ ತೊಟ್ಟಿಯನ್ನು ತೆಗೆದು ಹನ್ನೆರಡು ತಾಸಿನ ನಂತರ ಬೆಳಿಗ್ಗೆ ಕೊಡುವ ಕ್ರಮದಿಂದ ಈ ಸಾವುಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಆದರೆ ಬೆಳಿಗ್ಗೆ ಎಲ್ಲವೂ ಒಟ್ಟಿಗೆ ನುಗ್ಗುವುದರಿಂದ ತೊಟ್ಟಿಯ ಉದ್ದ ಸಾಕಷ್ಟಿರಬೇಕು, ಇಲ್ಲವಾದರೆ ಸಣ್ಣವು ಸಣ್ಣದಾಗಿಯೇ ಉಳಿಯುತ್ತವೆ. ನೀರನ್ನು ಮಾತ್ರ ಯಾವ ಹೊತ್ತೂ ತೆಗೆಯಬಾರದು. ಕೋಳಿ ತಿನ್ನುವ ಆಹಾರದ ಸುಮಾರು ಎರಡು ಪಟ್ಟು ತೂಕದ ನೀರು ಕುಡಿಯುತ್ತದೆ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಬೆಳೆದ ಅರವತ್ತು ಹಕ್ಕಿಗೆ ದಿನಕ್ಕೆ 20 ಲೀಟರ್, ಸೆಕೆಯ ದಿನ 40 ಲೀಟರ್ ಸಿದ್ಧವಿರಬೇಕು.

ಬೆವರುಗ್ರಂಥಿಯಿಲ್ಲದ ಈ ಹಕ್ಕಿಗೆ ಚಳಿಗಿಂತ ಸೆಕೆ ದೊಡ್ಡ ಶತ್ರು. ಆರು ವಾರ ದಾಟಿದ ಬ್ರಾಯ್ಲರ್ 32 ಡಿಗ್ರಿಯ ಮೇಲೆ, ಗಾಳಿಯಾಡದ ಮಧ್ಯಾಹ್ನದಲ್ಲಿ, ಬಾಯಿ ಬಿಟ್ಟು ಏದುಸಿರು ಬಿಡುತ್ತಲೇ ಸಾಯಬಹುದು. ಅಂಥ ದಿನಗಳಲ್ಲಿ ಗೂಡನ್ನು ಮರದ ನೆರಳಿಗೆ ಬರುವಂತೆ ಸಾಲು ಯೋಜಿಸಬೇಕು, ಗಾಳಿ ಬರುವ ಬದಿಯ ಅಂಚನ್ನು ಹಗಲು ಎತ್ತಿಡಬೇಕು, ತಣ್ಣೀರನ್ನು ಎರಡು ಮೂರು ಸಲ ಬದಲಿಸಬೇಕು, ತೊಟ್ಟಿಯನ್ನು ಬಿಸಿಲೇರುವ ಮೊದಲೇ ತೆಗೆಯಬೇಕು, ಏಕೆಂದರೆ ಆಹಾರ ಜೀರ್ಣವಾಗುವಾಗಲೂ ಮೈಯಲ್ಲಿ ಬಿಸಿ ಹುಟ್ಟುತ್ತದೆ. ಹಾಗೆ ಕಳೆದ ಊಟವನ್ನು ಸಂಜೆ ತಂಪಿನಲ್ಲಿ ಕೊಟ್ಟರಾಯಿತು. ಜೋರು ಮಳೆಯ ರಾತ್ರಿಯಾದರೆ ಛಾವಣಿಯ ಕೆಳಗೆ ಒಣಹುಲ್ಲನ್ನು ದಪ್ಪವಾಗಿ ಹರಡಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಗೂಡನ್ನು ನಿಲ್ಲಿಸಬೇಕು.

ಕೊಯ್ಯುವ ದಿನ

ಮನೆಯಲ್ಲಿ ಕೊಯ್ದು ಮಾರುವುದರ ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿಯಾಗಿರುವುದರಿಂದ ಮರಿ ತರುವ ಮೊದಲೇ ಅದನ್ನು ವಿಚಾರಿಸಿಕೊಳ್ಳಬೇಕು. ಕೊಯ್ಯುವ ಹಿಂದಿನ ಸಂಜೆ ಆಹಾರ ನಿಲ್ಲಿಸಿ ನೀರು ಮಾತ್ರ ಇಡಬೇಕು. ಎಂಟರಿಂದ ಹನ್ನೆರಡು ತಾಸಿನಲ್ಲಿ ಕರುಳು ಖಾಲಿಯಾಗಿ, ಶುಚಿ ಮಾಡುವಾಗ ಮಾಂಸಕ್ಕೆ ಹೊಲಸು ತಾಗುವುದಿಲ್ಲ. ಕತ್ತಲಿನಲ್ಲಿ ಹಿಡಿದರೆ ಹಕ್ಕಿ ಗಾಬರಿಯಾಗುವುದಿಲ್ಲ. ಒಂದೇ ಕಾಲು ಹಿಡಿದು ನೇತಾಡಿಸದೆ ರೆಕ್ಕೆಗಳನ್ನು ಒತ್ತಿ ಎರಡೂ ಕೈಯಿಂದ ಎತ್ತಿದರೆ ತೊಡೆ, ಎದೆಗಳಲ್ಲಿ ರಕ್ತ ಹೆಪ್ಪುಗಟ್ಟುವುದೂ ಇಲ್ಲ.

ತಲೆಕೆಳಗಾಗಿ ಶಂಕುವಿನಾಕಾರದ ತಗಡಿನಲ್ಲಿ ಇಳಿಸಿದ ಹಕ್ಕಿ ಸುಮ್ಮನಾಗುತ್ತದೆ. ದವಡೆಯ ಹಿಂದೆ, ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಹರಿತವಾದ ಚಾಕುವಿನಿಂದ ಒಂದೇ ಎಳೆತಕ್ಕೆ ಕತ್ತರಿಸಬೇಕು. ಮೊಂಡು ಚಾಕು ಹಿಡಿಯುವುದು ಹಕ್ಕಿಗೆ ಮಾಡುವ ಅನ್ಯಾಯ. ಎರಡು ಮೂರು ನಿಮಿಷ ರಕ್ತ ಪೂರ್ತಿ ಇಳಿದು ಅಲುಗಾಟ ನಿಂತ ಮೇಲೆ 60ರಿಂದ 63 ಡಿಗ್ರಿಯ ನೀರಿನಲ್ಲಿ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಆಡಿಸುತ್ತ ಮುಳುಗಿಸಬೇಕು. ರೆಕ್ಕೆಯ ದೊಡ್ಡ ಗರಿ ಎಳೆದೊಡನೆ ಬಂದರೆ ಸಾಕು. ಇನ್ನೂ ಬಿಟ್ಟರೆ ಚರ್ಮ ಬೆಂದು ಹರಿಯುತ್ತದೆ. ಕರುಳು ತೆಗೆಯುವಾಗ ಪಿತ್ತಕೋಶ ಒಡೆಯದಂತೆ ನೋಡಿಕೊಂಡು, ತೊಳೆದ ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕಿ, ನಾಲ್ಕು ತಾಸಿನೊಳಗೆ ಮಾಂಸದ ಒಳಭಾಗ 4 ಡಿಗ್ರಿಗೆ ಇಳಿಯುವಂತೆ ಮಾಡಬೇಕು. ಜೀವತೂಕದ ಶೇಕಡಾ 70ರಷ್ಟು ಮಾಂಸ ಮೂಳೆಸಹಿತ ಉಳಿಯುತ್ತದೆ. ಅಂದೇ ಫ್ರೀಜರಿಗೆ ಹಾಕಿದರೆ ಮಾಂಸ ಸೆಡೆತುಕೊಂಡಿರುವಾಗಲೇ ಗಟ್ಟಿಯಾಗಿ, ಬೇಯಿಸಿದಾಗ ರಬ್ಬರಿನಂತಾಗುತ್ತದೆ. ಒಂದು ದಿನ ಫ್ರಿಜ್ಜಿನಲ್ಲಿಟ್ಟು ಆಮೇಲೆ -18 ಡಿಗ್ರಿಗೆ ಹಾಕಬೇಕು.

ಗರಿ, ಕರುಳು, ರಕ್ತವನ್ನು ಮರದ ಚೂರು ಅಥವಾ ಗರಗಸದ ಹೊಟ್ಟಿನ ನಡುವೆ ಹುದುಗಿಸಿ, ಮೇಲೆ ಒಂದಡಿ ದಪ್ಪ ಮುಚ್ಚಿದರೆ ವಾಸನೆಯಿಲ್ಲದೆ ಕೊಳೆತು ಗೊಬ್ಬರವಾಗುತ್ತದೆ. ಪದರ ತೆಳುವಾದರೆ ನಾಯಿಗಳು ಆ ರಾತ್ರಿಯೇ ಬಂದು ಕೆದರುತ್ತವೆ. ಬ್ರೂಡರಿನ ಹಳೆಯ ಹಾಸನ್ನೆಲ್ಲ ಅದೇ ರಾಶಿಗೆ ಸೇರಿಸಿ, ನೆಲ ಗೋಡೆಗಳನ್ನು ಉಜ್ಜಿ ತೊಳೆದು, ತೊಟ್ಟಿ ಪಾತ್ರೆಗಳನ್ನು ಬಿಸಿಲಿಗೆ ಕವುಚಿ, ಮುಂದಿನ ಮರಿಗಳಿಗೆ ಮೊದಲು ಎರಡು ವಾರವಾದರೂ ಜಾಗವನ್ನು ಖಾಲಿ ಬಿಡಬೇಕು. ಅಷ್ಟರಲ್ಲಿ ಗೂಡು ಹೋದ ದಾರಿಯ ಹುಲ್ಲು 12 ಅಡಿಗೊಂದರಂತೆ ಚೌಕ ಚೌಕವಾಗಿ ಕಡುಹಸಿರಾಗಿ ಏಳುತ್ತದೆ. ಯಾವುದಾದರೂ ಚೌಕ ಹಳದಿಯಾಗಿ ಸುಟ್ಟಿದ್ದರೆ ಅದು ಯಾವ ದಿನದ ಗೂಡು, ಅಂದು ಯಾರು ಸರಿಸುವುದನ್ನು ತಪ್ಪಿಸಿದರು ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಬಹುದು.